ಮೂಗು ಹಿಡಿದು ಕುಡಿದ ಸೋರೆಕಾಯಿ

ಬೆಳಿಗ್ಗೆ ಆರು ಐವತ್ತಕ್ಕೆ ಎಲ್ಲ ಕೆಡಲು ಶುರುವಾಯಿತು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದು ನನ್ನ ಜ್ಞಾಪಕಶಕ್ತಿಯ ಹೆಚ್ಚುಗಾರಿಕೆಯಲ್ಲ. ನಮ್ಮ ಮನೆಯ ಗಡಿಯಾರ ಓಡುವುದು ಮಗಳ ಜಡೆಯ ಲೆಕ್ಕದಲ್ಲಿ. ಆರು ನಲವತ್ತೈದಕ್ಕೆ ಮೊದಲನೇ ಜಡೆ, ಆರು ಐವತ್ತಕ್ಕೆ ಎರಡನೆಯದು. ಎರಡನೆಯದು ಅರ್ಧ ಆಗಿರುವಾಗ ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಇಂದಿಗೂ ಆ ಹೊತ್ತಿನಲ್ಲಿ ಪಕ್ಕದ ಮನೆಯ ಮಿಕ್ಸಿ ಗುರ್ರೆಂದರೆ ನಾನು ಬಾಚಣಿಗೆ ಕೆಳಗಿಡುತ್ತೇನೆ. ಪಾಪ, ಅವರು ಚಟ್ನಿ ರುಬ್ಬುತ್ತಿರುತ್ತಾರೆ. ನಾನು ಮಾತ್ರ ಬಾಲ್ಕನಿಗೆ ಹೋಗಿ ಮೂಗು ಚಾಚಿ, ಕೊತ್ತಂಬರಿಯ ವಾಸನೆ ಬಂತೆಂದು ಖಾತ್ರಿಯಾದ ಮೇಲೆ ಒಳಗೆ ಬರುತ್ತೇನೆ. ಒಂದು ಸಲ ಆ ಮನೆಯಾಕೆ ನೋಡಿಬಿಟ್ಟರು. ಆಮೇಲೆ ಒಂದು ಬಟ್ಟಲು ಚಟ್ನಿ ಕಳಿಸಿಕೊಟ್ಟರು.

ನಮ್ಮ ಮನೆಯಲ್ಲಿ ಮಿಕ್ಸಿ ಹಾಕಿದವನು ಮಂಜು, ನನ್ನ ಗಂಡ. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರಾದ್ದರಿಂದ ನಮ್ಮಲ್ಲಿ ರೀ, ಹೋಗಿ, ಬನ್ನಿ ಇಲ್ಲ. ಅವನದು ರಸಾಯನಶಾಸ್ತ್ರ, ನನ್ನದು ಸಸ್ಯಶಾಸ್ತ್ರ. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ. ಮುಂದೆ ಓದಿದಾಗ ನಿಮಗೆ ನಗಲು ಅನುಕೂಲವಾಗುತ್ತದೆ.

ಮದುವೆಯಲ್ಲಿ ಮಂಜು ತೆಳ್ಳಗಿದ್ದ. ಮಗಳು ನಿಧಿ ಹುಟ್ಟಿ, ಅನ್ನ ತಿನ್ನುವ ವಯಸ್ಸಿಗೆ ಬಂದ ಮೇಲೆ ದಪ್ಪಗಾದ. ಇದಕ್ಕೆ ವಂಶವಾಹಿ, ಒತ್ತಡ, ಥೈರಾಯ್ಡು ಎಂದು ಜನ ನಾನಾ ಕಾರಣ ಕೊಟ್ಟರು. ನಾನು ಕಣ್ಣಾರೆ ಕಂಡ ಕಾರಣ ಬೇರೆ. ಮಕ್ಕಳು ಯಾವ ತಟ್ಟೆಯನ್ನೂ ಖಾಲಿ ಮಾಡುವುದಿಲ್ಲ. ಅರ್ಧ ದೋಸೆ, ಮೂರು ತುತ್ತು ಮೊಸರನ್ನ, ಕ್ರೀಮು ನೆಕ್ಕಿಟ್ಟ ಬಿಸ್ಕತ್ತು, ಟಿಫನ್ ಡಬ್ಬಿಯಲ್ಲಿ ಹಾಗೇ ವಾಪಸ್ಸು ಬಂದ ಚಿತ್ರಾನ್ನ. ಅನ್ನ ಎಸೆಯಬಾರದು ಎಂದು ಕಲಿತು ಬೆಳೆದವರು ನಾವು. ಹಾಗಾಗಿ ಅದೆಲ್ಲ ಮಂಜುವಿನ ಹೊಟ್ಟೆಗೆ ಹೋಗುತ್ತಿತ್ತು. ಕಾರ್ಪೊರೇಷನ್ ಗಾಡಿ ಎರಡು ದಿನ ಬರದೇ ಇದ್ದೀತು, ಅವನ ಸೇವೆ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

ದೊಡ್ಡನೆಕ್ಕುಂದಿಯ ಅವನ ಫ್ಯಾಕ್ಟರಿಯಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡುತ್ತಾರೆ. ಆ ವರ್ಷ ವರದಿಯ ತುಂಬ ಕೆಂಪು ಅಕ್ಷರಗಳೇ. ಮಂಜು ಗಾಬರಿಯಾಗಿ ಇಂದಿರಾನಗರದ ಒಂದು ಜಿಮ್ಮಿಗೆ ಹೋಗಿಬಂದ. ನಾಲ್ಕೂ ಗೋಡೆಗೆ ಕನ್ನಡಿ, ಯಾವ ಕಡೆ ತಿರುಗಿದರೂ ತನ್ನದೇ ಹೊಟ್ಟೆ. ಅಲ್ಲಿದ್ದ ಬಿಗಿ ಬನಿಯನ್ನಿನ ತರಬೇತುದಾರ, ಸರ್ ನಿಮ್ಮ ಗೋಲ್ ಏನು ಅಂತ ಕೇಳಿದನಂತೆ. ಬಗ್ಗಿ ಶೂ ಲೇಸ್ ಕಟ್ಟೋದು ಅಂತ ಇವನು ಹೇಳಿದನಂತೆ. ಫೀಸು ಎಷ್ಟೆಂದು ಕೇಳಿದಾಗಲೇ ಅರ್ಧ ಕೆಜಿ ಇಳಿಯಿತು ಎಂದು ಮನೆಗೆ ಬಂದು ವರದಿ ಒಪ್ಪಿಸಿದ. ನಂತರ ಹಲಸೂರು ಕೆರೆಯ ಸುತ್ತ ವಾಕಿಂಗು ಶುರುವಾಯಿತು. ಅದೂ ಮುಗಿಯಿತು, ಏಕೆಂದರೆ ಕೆರೆಯ ಸುತ್ತ ನಡೆಯುವವರೆಲ್ಲ ಕೊನೆಗೆ ಒಂದೇ ಇಡ್ಲಿ ಹೋಟೆಲಿನ ಮುಂದೆ ಬಂದು ಸೇರುತ್ತಾರೆ.

ಕೊನೆಗೆ ಫೋನಿನಲ್ಲಿ ಒಬ್ಬರು ಮಹಾನುಭಾವರು ಸಿಕ್ಕರು. ಬಿಳಿ ಕುರ್ತಾ, ಹಿಂದೆ ತುಳಸಿ ಕಟ್ಟೆ, ಮುಖದಲ್ಲಿ ಯಾವ ಕಚೇರಿಗೂ ಹೋಗದವರ ತೇಜಸ್ಸು. ಬಿಡುವಿಲ್ಲದ ತಂದೆತಾಯಿಗಳಿಗಾಗಿ ಎಂದು ಅವರು ಕೈ ಮುಗಿದು ಹೇಳುವಾಗ ನನಗೂ ಕಣ್ಣು ತೇವವಾಯಿತು. ನಮ್ಮ ಕಷ್ಟ ಅರ್ಥವಾದ ಮೊದಲನೇ ಮನುಷ್ಯ. ಜಿಮ್ಮು ಬೇಡ, ಖರ್ಚು ಬೇಡ, ಹೊತ್ತೂ ಬೇಡ. ಒಂದು ಸೋರೆಕಾಯಿ, ಒಂದು ಮಿಕ್ಸಿ, ಐದು ನಿಮಿಷ. ಹಸಿಯಾಗಿಯೇ ರುಬ್ಬಿ, ಸೋಸಿ, ಬರಿ ಹೊಟ್ಟೆಗೆ ಕುಡಿಯಬೇಕು. ಕುಡಿದಾಗ ಏನಾಗಬಹುದು ಎಂಬ ಭಾಗವನ್ನು ಅವರು ಬಹುಶಃ ಇನ್ನೊಂದು ವಿಡಿಯೋಗೆ ಕಾದಿರಿಸಿದ್ದರು.

ಮೊದಲ ಕೆಲವು ವಾರ ಏನೂ ಆಗಲಿಲ್ಲ. ತೂಕವೂ ಇಳಿಯಲಿಲ್ಲ. ರುಚಿ ಹೇಗಿದೆ ಎಂದರೆ, ನೆನೆದ ಪೇಪರ್ ತಿಂದ ಹಾಗಿದೆ ಎನ್ನುತ್ತಿದ್ದ. ನಿಧಿಗೆ ಅದು ಆಟ. ಅಪ್ಪ ಕುಡಿಯುವಾಗ ಓಡಿಹೋಗಿ ಒಂದು ಗುಟುಕು ಹೀರಿ, ಮೇಲ್ತುಟಿಯ ಮೇಲೆ ಹಸಿರು ಮೀಸೆ ಮಾಡಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು.

ಆ ದಿನ ಮಂಜು ಲೋಟ ಹಿಡಿದು, ನಾನು ನಿಧಿಗೆ ಜಡೆ ಹಾಕುತ್ತಿದ್ದ ಹಜಾರಕ್ಕೆ ಬಂದ. ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಇವತ್ತು ಸಿಕ್ಕಾಪಟ್ಟೆ ಕಹಿ ಕಣೇ."

ಚೆಲ್ಲು ಎಂದೆ. ಸಸ್ಯಶಾಸ್ತ್ರದ ಬಲದಿಂದಲ್ಲ, ಚಟ್ನಿಗೆ ಮಿಕ್ಸಿ ಜಾರು ಬೇಕಿತ್ತು.

"ಕಹಿ ಇದೆ ಅಂದ್ರೆ ಸತ್ವ ಇದೆ ಅಂತ. ಇಷ್ಟು ದಿನ ಕುಡಿದಿದ್ದು ಬರೀ ನೀರು."

ಈ ನಂಬಿಕೆ ಅವನೊಬ್ಬನದಲ್ಲ ಎಂದು ನೀವೂ ಒಪ್ಪುತ್ತೀರಿ. ಬಾಯಿಗೆ ಹಿತವಾದದ್ದೆಲ್ಲ ಕಾಯಿಲೆ, ಬಾಯಿಗೆ ಕಹಿಯಾದದ್ದೆಲ್ಲ ಔಷಧಿ ಎಂದು ನಮ್ಮನ್ನು ಬೆಳೆಸಿದ್ದಾರೆ. ಚಿಕ್ಕವನಾಗಿದ್ದಾಗ ಹಲಸೂರಿನ ಮನೆಯಲ್ಲಿ ಮಂಜುವಿನ ಅಮ್ಮ ಅವನನ್ನು ಮಂಡಿಗಳ ನಡುವೆ ಅದುಮಿ, ಮೂಗು ಹಿಡಿದು ನೆಲಬೇವಿನ ಕಷಾಯ ಹೊಯ್ಯುತ್ತಿದ್ದರಂತೆ. ಅತ್ತಷ್ಟೂ ಗುಣ ಹೆಚ್ಚು. ಈಗ ಅಮ್ಮ ಇಲ್ಲದ ಕಾರಣ ಆ ಮನುಷ್ಯ ತಾನೇ ತನ್ನ ಮೂಗು ಹಿಡಿದುಕೊಂಡ. ಪೂರ್ತಿ ಲೋಟ, ಒಂದೇ ಉಸಿರು.

ಅದಕ್ಕೂ ಮುಂಚೆ ಇನ್ನೊಂದು ನಡೆಯಿತು. ನನ್ನ ತಲೆಯಲ್ಲಿ ಮತ್ತೆ ಮತ್ತೆ ಓಡುವುದು ಆ ತುಣುಕೇ. ನಿಧಿ ಲೋಟಕ್ಕೆ ಕೈ ಚಾಚಿದಳು. ಎದ್ದು ಓಡಲು ನೋಡಿದಳು. ಅವಳ ಜಡೆ ನನ್ನ ಮುಷ್ಟಿಯಲ್ಲಿತ್ತು. ಅಮ್ಮಾ ನೋವು ಎಂದು ಕಿರುಚಿ ಮತ್ತೆ ಕೂತಳು. ಅಲುಗಾಡಬೇಡ ಎಂದು ನಾನು ಗದರಿದೆ. ಅಷ್ಟೇ. ನನ್ನ ಮಗಳನ್ನು ಕಾಪಾಡಿದ್ದು ನನ್ನ ಎಚ್ಚರವಲ್ಲ, ನನ್ನ ಸಿಡುಕು.

ಅರ್ಧ ಗಂಟೆಯೊಳಗೆ ವಾಂತಿ ಶುರುವಾಯಿತು. ಮೊದಲನೇ ಸಲ ಬಾತ್‌ರೂಮಿನಿಂದ ಬಂದವನು, ನೋಡು, ತೂಕ ಇಳೀತಿದೆ ಎಂದು ನಗಿಸಲು ನೋಡಿದ. ಎರಡನೇ ಸಲ ಗೋಡೆ ಹಿಡಿದುಕೊಂಡು ಬಂದ. ಆಮೇಲೆ ಎಷ್ಟು ಸಲವೋ. ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಒರಗಿ ಹಾಗೇ ಕೆಳಕ್ಕೆ ಜಾರಿದಾಗ ಬೇಸಿನ್ನಿನಲ್ಲಿ ನೋಡಿದೆ. ರಕ್ತ. ಕೈ ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತು. ಹೆಸರು ಹಿಡಿದು ಕೂಗಿದೆ. ಕಣ್ಣು ತೆರೆದೇ ಇತ್ತು, ಉತ್ತರ ಬರಲಿಲ್ಲ.

ಬಾಣಸವಾಡಿಯ ಈ ಮನೆಯ ಕೆಳಗಿನ ಮಹಡಿಯಲ್ಲಿ ನಮ್ಮ ಓನರ್ ನಸೀಮಾ ಆಂಟಿ ಇದ್ದಾರೆ. ಗೋಡೆಗೆ ಮೊಳೆ ಹೊಡೆದರೆ ಮೇಲೆ ಬಂದು ಎಣಿಸಿಕೊಂಡು ಹೋಗುವವರು. ನನ್ನ ಕೂಗಿಗೆ ಅವರು ಚಪ್ಪಲಿಯೂ ಇಲ್ಲದೆ ಮೆಟ್ಟಿಲು ಹತ್ತಿ ಬಂದರು. ಒಂದು ನೋಟ ನೋಡಿ ಗಂಡನಿಗೆ ಗಾಡಿ ತೆಗೆಯಲು ಕೂಗಿ ಹೇಳಿ, ನಿಧಿಯ ಮುಖವನ್ನು ತಮ್ಮ ದುಪಟ್ಟಾದೊಳಗೆ ಎಳೆದುಕೊಂಡರು.

"ಮಗು ನನ್ ಹತ್ರ ಇರ್ಲಿ ಬೇಟಾ. ನೀನು ಅವ್ರನ್ನ ನೋಡು. ಹಿಂದೆ ತಿರುಗ್ಬೇಡ."

ಆಸ್ಪತ್ರೆಯಲ್ಲಿ ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಏನು ತಿಂದರು ಎಂದರು. ಸೋರೆಕಾಯಿ ರಸ ಎಂದೆ. ಹೇಳುವಾಗಲೇ ನಾಚಿಕೆಯಾಯಿತು, ಇಂಥ ತುರ್ತಿಗೆ ಅದು ತಕ್ಕ ಉತ್ತರವೇ ಅಲ್ಲ ಅನ್ನಿಸಿತು. ಆಕೆ ನಗಲಿಲ್ಲ. ಕಹಿ ಇತ್ತಾ ಎಂದು ಮಾತ್ರ ಕೇಳಿದರು. ಹೌದು ಎಂದ ಮೇಲೆ ಸುತ್ತಲಿನವರ ಹೆಜ್ಜೆಗಳೆಲ್ಲ ಜೋರಾದವು.

"ಕಹಿ ಸೋರೆಕಾಯಿ ವಿಷ ಮೇಡಂ. ಇದಕ್ಕೇ ಅಂತ ಮದ್ದಿಲ್ಲ. ಬಿಪಿ ಪೂರ್ತಿ ಬಿದ್ದಿದೆ, ಅದನ್ನ ಹಿಡಿದು ನಿಲ್ಲಿಸ್ಬೇಕು. ಇವತ್ತು ದಾಟ್ಲಿ, ಆಮೇಲೆ ಮಾತಾಡೋಣ."

ಸೋರೆ, ಹೀರೆ, ಸೌತೆ, ಕುಂಬಳ ಎಲ್ಲವೂ ಒಂದೇ ಕುಟುಂಬ. ಈ ಕುಟುಂಬದ ಹೂವು, ಬಳ್ಳಿ, ಎಲೆಯ ಆಕಾರದ ಬಗ್ಗೆ ನಾನು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದು ಶಾಭಾಸ್ ಅನ್ನಿಸಿಕೊಂಡವಳು. ಐಸಿಯುವಿನ ಹೊರಗಿನ ಬೆಂಚಿನಲ್ಲಿ ಕೂತು ಆ ಚಿತ್ರವನ್ನು ನೆನಪಿನಿಂದ ಬಿಡಿಸಬಲ್ಲವಳಾಗಿದ್ದೆ. ಆ ಕಾಯಿ ಕಹಿಯಾದರೆ ಉಗಿಯಬೇಕು ಎಂದು ಮಾತ್ರ ಯಾವ ಪ್ರಶ್ನೆಪತ್ರಿಕೆಯೂ ಕೇಳಿರಲಿಲ್ಲ.

ಅಷ್ಟರಲ್ಲಿ ನೆಂಟರ ಫೋನುಗಳು. ಎಲ್ಲರೂ ಗಾಬರಿಯಿಂದಲೇ ಶುರು ಮಾಡುವರು, ಹಾರ್ಟಾ ಎನ್ನುವರು. ಸೋರೆಕಾಯಿ ಎಂದೊಡನೆ, ಅಷ್ಟೇನಾ. ಹೃದಯಕ್ಕೆ ಒಂದು ಗೌರವವಿದೆ, ಕಿಡ್ನಿಗೂ ಇದೆ. ಸೋರೆಕಾಯಿಯಿಂದ ಸಾಯಲು ಹೊರಟವನಿಗೆ ಯಾವ ಘನತೆಯೂ ಇಲ್ಲ. ಅವನು ಉಳಿದರೆ ನಗೆಪಾಟಲು, ಉಳಿಯದಿದ್ದರೂ ಜನ ತುಟಿ ಕಚ್ಚಿ ನಗು ತಡೆದುಕೊಂಡೇ ಬಂದುಹೋಗುತ್ತಾರೆ ಎಂದು ನನಗೆ ಆಗ ಹೊಳೆಯಿತು. ಇಂಥದ್ದೆಲ್ಲ ಹೊಳೆಯುತ್ತದೆ, ಏನು ಮಾಡಲಿ.

ಅವನು ಉಳಿದ. ಹೊಟ್ಟೆಯೊಳಗೆಲ್ಲ ಸುಟ್ಟ ಹಾಗೆ ಹುಣ್ಣಾಗಿದೆ, ನಿಧಾನಕ್ಕೆ ಮಾಯುತ್ತದೆ ಎಂದು ಹೇಳಿ ಮನೆಗೆ ಕಳಿಸಿದರು. ನಡೆಯುವಾಗ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು, ಅಷ್ಟು ಇಳಿದುಹೋಗಿದ್ದ.

ಇನ್ನು ಮುಂದಿನದು ಕೇಳಿ. ಊರಿಗೆ ಊರೇ ಅವನನ್ನು ಅಭಿನಂದಿಸಿತು. ಫ್ಯಾಕ್ಟರಿಯಲ್ಲಿ, ಏನ್ ಗುರು ಸಖತ್ತಾಗಿ ಸಣ್ಣ ಆಗಿದೀಯ. ಹಾಲಿನ ಬೂತಿನಲ್ಲಿ, ಸರ್ ಏನ್ ಸೀಕ್ರೆಟ್ಟು. ಕೆನ್ನೆಯ ಮೂಳೆ ಕಾಣುತ್ತಿದ್ದ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಮನುಷ್ಯನನ್ನು ಕಂಡು ಎಷ್ಟು ಜನ ಹೊಟ್ಟೆಕಿಚ್ಚು ಪಟ್ಟರು ಎಂದರೆ, ಈ ಊರಿನಲ್ಲಿ ಸಣ್ಣಗಿರುವುದಕ್ಕೂ ಬದುಕಿರುವುದಕ್ಕೂ ಏನಾದರೂ ಸಂಬಂಧ ಉಂಟೇ ಎಂದು ನನಗೇ ಅನುಮಾನ ಬಂತು.

ಮಂಜು ಅದನ್ನು ನಗೆಯ ಕತೆ ಮಾಡಿಕೊಂಡ. ಮೂಗು ಹಿಡಿದು ತೋರಿಸುವನು, ಜಾರುವ ಪ್ಯಾಂಟು ತೋರಿಸುವನು, ಬಂದವರು ಬಿದ್ದು ಬಿದ್ದು ನಗುವರು. ನಾನೂ ಕಾಫಿ ತಂದಿಟ್ಟು ಸರಿಯಾದ ಜಾಗದಲ್ಲಿ ನಗುತ್ತಿದ್ದೆ. ರಕ್ತದ ಭಾಗ ಆ ಕತೆಯಲ್ಲಿ ಇರಲಿಲ್ಲ, ನಿಧಿಯ ಕೈಯೂ ಇರಲಿಲ್ಲ. ನಾವಿಬ್ಬರೇ ಇದ್ದಾಗ ಅವನು ಆ ದಿನದ ಮಾತೇ ಎತ್ತುತ್ತಿರಲಿಲ್ಲ. ನಾನು ಎತ್ತಿದರೆ, ಬಿಡೇ, ಆಯ್ತಲ್ಲ.

ಆದರೆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ನಾನು ಗಳಿಗೆಗೊಮ್ಮೆ ಎದ್ದು ಅವನ ಮೂಗಿನ ಮುಂದೆ ಅಂಗೈ ಹಿಡಿಯುತ್ತಿದ್ದೆ. ಅವನು ನಿದ್ದೆ ಬಂದವನ ಹಾಗೆ ನಟಿಸುತ್ತಿದ್ದ. ನಿಜವಾಗಿ ನಿದ್ದೆ ಬಂದವನು ಗೊರಕೆ ಹೊಡೆಯುತ್ತಾನೆ ಎಂದು ನನಗೆ ಗೊತ್ತಿಲ್ಲವೇ. ನಿಧಿ ತನ್ನ ದಿಂಬು ಹೊತ್ತುಕೊಂಡು ಬಂದು ನಡುವೆ ತೂರಿ, ಒಂದೊಂದು ಕೈಯಲ್ಲಿ ಒಬ್ಬೊಬ್ಬರನ್ನು ಹಿಡಿದು ಮಲಗುವಳು. ಮೂರು ಜನ ಕಾವಲುಗಾರರು, ಒಂದು ಮಂಚ. ಹಗಲಿನಲ್ಲಿ ನಾನು ಹಳೆಯ ರಾಜರ ಅಡುಗೆಮನೆಯ ಕೆಲಸಕ್ಕೆ ಸೇರಿದವಳಂತೆ ಅವನಿಗೆ ಕೊಡುವುದನ್ನೆಲ್ಲ ಮೊದಲು ನಾನು ತಿಂದು ನೋಡುತ್ತಿದ್ದೆ. ಪ್ರತಿಯೊಂದು ಸೌತೆಕಾಯಿ, ಪ್ರತಿಯೊಂದು ಹೀರೆಕಾಯಿ, ಕೊನೆಗೆ ಮೊಸರು ಕೂಡ.

ಇಷ್ಟರ ನಡುವೆ ತೂಕದ ಸಮಸ್ಯೆ ತಾನಾಗಿಯೇ ಬಗೆಹರಿಯಿತು. ನಿಧಿ ಏಳು ಗಂಟೆಗೆ ಊಟ ಮಾಡುವಾಗ ನಾವೂ ಜೊತೆಗೆ ಕೂರಲು ಶುರು ಮಾಡಿದೆವು. ಅವಳಿಗೆ ಮೊದಲು ಸ್ವಲ್ಪವೇ ಬಡಿಸಿ, ಬೇಕೆಂದರೆ ಮತ್ತೆ ಬಡಿಸುತ್ತೇನೆ. ತಟ್ಟೆಯಲ್ಲಿ ಮಿಕ್ಕುವುದಿಲ್ಲ, ಅಪ್ಪನ ಹೊಟ್ಟೆಗೆ ಹೋಗುವುದಿಲ್ಲ. ಊಟವಾದ ಮೇಲೆ ಮೂವರೂ ಬೀದಿಯ ಕೊನೆಯವರೆಗೆ ನಡೆದು ಬರುತ್ತೇವೆ. ಪೈಸೆ ಖರ್ಚಿಲ್ಲ. ಗುಟ್ಟು ಕೇಳಿದವರಿಗೆ ಇದನ್ನು ಹೇಳಿದರೆ ಅವರ ಮುಖ ಬಾಡಿಹೋಗುತ್ತದೆ. ಇದರಲ್ಲಿ ಕಹಿ ಎಲ್ಲಿದೆ?

ಮೊನ್ನೆ ಶುಕ್ರವಾರ ಕುಕ್ ಟೌನಿನಲ್ಲಿರುವ ನಿಧಿಯ ಶಾಲೆಯಲ್ಲಿ ಪೋಷಕರ ಸಭೆ ಇತ್ತು, ಅವಳನ್ನು ನಸೀಮಾ ಆಂಟಿಯ ಹತ್ತಿರ ಬಿಟ್ಟು ನಾವಿಬ್ಬರೇ ಹೋಗಿದ್ದೆವು. ಮುಗಿಸಿ ಗೇಟಿಗೆ ಬಂದಾಗ ಸೆಲ್ವಂ ಸಿಕ್ಕಿದ. ನಿಧಿಯ ಕ್ಲಾಸಿನ ಹುಡುಗಿಯ ಅಪ್ಪ, ಶಿವಾಜಿನಗರದಲ್ಲಿ ಸ್ಟೇಷನರಿ ಅಂಗಡಿ, ಅಂಗಿಯ ಕೆಳಗಿನ ಗುಂಡಿ ಎಂದೂ ಹಾಕಿಕೊಳ್ಳಲಾಗದಷ್ಟು ಹೊಟ್ಟೆ. ಮಂಜುವಿನ ನಗೆಯ ಕತೆಗೆ ಎಲ್ಲರಿಗಿಂತ ಹೆಚ್ಚು ನಕ್ಕವನು ಅವನೇ.

"ಅಣ್ಣಾ, ನಾನೂ ಸ್ಟಾರ್ಟ್ ಮಾಡ್ಬಿಟ್ಟೆ, ನಿಮ್ಮ ಜ್ಯೂಸು. ಹದಿನೈದು ದಿನ ಆಯ್ತು, ಒಂದು ಗ್ರಾಮೂ ಇಳೀಲಿಲ್ಲ."

ಮಂಜು ಜೇಬಿನಿಂದ ಸ್ಕೂಟರಿನ ಕೀ ತೆಗೆದ.

"ನನಗೆ ಸಿಗೋದೆಲ್ಲ ಸಪ್ಪೆ ಅಣ್ಣಾ. ನಿಮ್ಮದು ಕಹಿ ಇತ್ತು ಅಂದ್ರಲ್ಲ, ಅದು ಎಲ್ಲಿ ಸಿಗುತ್ತೆ? ಮಾರ್ಕೆಟ್ಟಲ್ಲಿ ದಿನಾ ಕೇಳ್ತಿದ್ದೀನಿ. ಒಬ್ಬ ನಾಳೆ ತಂದ್ಕೊಡ್ತೀನಿ ಅಂದಿದ್ದಾನೆ. ಮನೇಲಿ ಅವಳಿಗೂ ಕೊಡೋಣ ಅಂತ."

ನಾನು ಮಂಜುವಿನ ಮುಖ ನೋಡಿದೆ. ಮೂಗು ಹಿಡಿದು ತೋರಿಸುವ ಜಾಗ ಅದು. ಅವನ ಕೈ ಮೇಲೆ ಬರಲಿಲ್ಲ. ಅವನು ಸೆಲ್ವಂನ ಮಣಿಕಟ್ಟು ಹಿಡಿದುಕೊಂಡ.

"ಸೆಲ್ವಾ, ನಾನು ಸಾಯ್ತಾ ಇದ್ದೆ. ಕಹಿ ಇತ್ತಲ್ಲ, ಅದೇ ವಿಷ. ರಕ್ತ ಕಕ್ಕೊಂಡು ಬಾತ್‌ರೂಮ್ ಬಾಗಿಲಲ್ಲಿ ಬಿದ್ದಿದ್ದೆ. ಇವಳು ಕೂಗ್ತಿದ್ದಿದ್ದು ಕೇಳಿಸ್ತಿತ್ತು, ಮಾತು ಬರ್ಲಿಲ್ಲ. ನನ್ ಮಗಳು ಆ ಲೋಟಕ್ಕೆ ಕೈ ಚಾಚಿದ್ಲು ಕಣೋ. ಕಣ್ಣು ಮುಚ್ಚಿದ್ರೆ ಆ ಕೈನೇ ಬರುತ್ತೆ."

ಅವನು ಆ ಕೈ ನೋಡಿದ್ದ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಅದನ್ನು ನೋಡಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಸೆಲ್ವಂ, ನೀವು ನಗ್ತಾ ಹೇಳಿದ್ರಿ ಅಲ್ವಾ ಅಣ್ಣಾ ಎಂದ.

"ಹೂಂ. ಬೇರೆ ಥರ ಹೇಳಕ್ಕೆ ಆಗ್ತಿರ್ಲಿಲ್ಲ."

ಸೆಲ್ವಂ ಅಲ್ಲೇ ನಿಂತು ಮಾರ್ಕೆಟ್ಟಿನವನಿಗೆ ಫೋನ್ ಮಾಡಿ, ತಮಿಳಿನಲ್ಲಿ, ಕಾಯಿ ಬೇಡವೇ ಬೇಡ, ಇನ್ನು ಯಾರಿಗೂ ಕೊಡಬೇಡ ಎಂದು ಹೇಳಿದ. ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ ಇಟ್ಟ. ನಾವು ಸ್ಕೂಟರಿನಲ್ಲಿ ಮನೆಗೆ ಬಂದೆವು. ಸಿಗ್ನಲ್ಲಿನಲ್ಲಿ ನಿಂತಾಗ ಮಂಜುವಿನ ಭುಜ ಅಲುಗುತ್ತಿತ್ತು. ನಾನು ಬೆನ್ನಿಗೆ ಹಣೆ ಇಟ್ಟೆ. ಪಕ್ಕದ ಆಟೋದವನು ಕರ್ಚೀಫು ಬೇಕಾ ಎನ್ನುವ ಹಾಗೆ ನೋಡಿ, ಪುಣ್ಯಕ್ಕೆ ಬೇರೆ ಕಡೆ ತಿರುಗಿದ.

ಮಾರನೆಯ ದಿನ ಎರಡನೇ ಶನಿವಾರ, ರಜೆ. ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು. ಬಾಗಿಲ ಹೊರಗೆ ಹಾಲಿನ ಪ್ಯಾಕೆಟ್ಟು ಬೆಚ್ಚಗಾಗಿ ಕೆಟ್ಟುಹೋಗಿತ್ತು, ನಸೀಮಾ ಆಂಟಿ ಎರಡು ಸಲ ಬೆಲ್ ಒತ್ತಿ ಹೋಗಿದ್ದರಂತೆ. ನಿಧಿ ತನ್ನ ಕೋಣೆಯಲ್ಲೇ ದಿಂಬನ್ನು ಕಾಲಿನಡಿ ಹಾಕಿಕೊಂಡು ಬಿದ್ದುಕೊಂಡಿದ್ದಳು. ಪಕ್ಕದಲ್ಲಿ ಮಂಜು ಬಾಯಿ ತೆರೆದು, ಕಿಟಕಿಯ ಗಾಜು ಅದುರುವ ಹಾಗೆ ಗೊರಕೆ ಹೊಡೆಯುತ್ತಿದ್ದ. ಸಹಿಸಲಾಗದ ಸದ್ದು. ಅಲುಗಿಸಿ ಮಗ್ಗುಲು ಬದಲಿಸೋಣ ಎಂದು ಕೈ ಎತ್ತಿದವಳು, ಬೇಡ ಎಂದು ಕೈಯನ್ನು ಮತ್ತೆ ಹೊದಿಕೆಯೊಳಗೆ ಎಳೆದುಕೊಂಡೆ.