ನನ್ನ ರಕ್ತ ಹೊಳೆಯದ ದಿನ

ನಮ್ಮ ಮನೆಯಲ್ಲಿ ಪಂಚಾಂಗ ನೋಡದೆ ಯಾರೂ ಪ್ರಯಾಣ ಹೊರಡುತ್ತಿರಲಿಲ್ಲ. ನಾನು ಬಯೋಕೆಮಿಸ್ಟ್ರಿ ಓದಿದವನು. ಕಾರಣ ಸಿಗದ ಸಂಗತಿಯನ್ನು ಯಾರಾದರೂ ಹೇಳಿದರೆ, ಹೇಳುವವರ ಗಮನ ತಪ್ಪಿರಬೇಕು ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬಿದ್ದೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಆಗ ಶಿಗ್ಗಾವಿಯ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಕೆಲಸ. ಸವಣೂರಿನ ದಾವಲ್ ಎಂಬ ಯುವಕ ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ಮಲೇರಿಯಾ ಹೊತ್ತು ಬಂದಿದ್ದ. ಆ ಜ್ವರ ಮರುಕಳಿಸದಂತೆ ಕೊಡುವ ಮಾತ್ರೆಯೊಂದಿದೆ. ಆದರೆ ಕೆಲವರ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ದುರ್ಬಲ ರೂಪದಲ್ಲಿರುತ್ತದೆ. ಅಂಥವರು ಅದನ್ನು ನುಂಗಿದರೆ ಕೆಂಪು ರಕ್ತಕಣಗಳು ಒಡೆದು ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಪರೀಕ್ಷೆ. ರಕ್ತವನ್ನು ದ್ರಾವಣದಲ್ಲಿ ಬೆರೆಸಿ ಕಾಗದದ ಮೇಲೆ ಹನಿಸುತ್ತೇವೆ. ಒಣಗಿದ ಮೇಲೆ ಕತ್ತಲೆ ಪೆಟ್ಟಿಗೆಯೊಳಗೆ ನೇರಳಾತೀತ ದೀಪದ ಕೆಳಗಿಟ್ಟರೆ, ಕಿಣ್ವ ಸರಿಯಿದ್ದವರ ಚುಕ್ಕೆ ಹೊಳೆಯುತ್ತದೆ. ಇಲ್ಲದವರದು ಕಪ್ಪಾಗಿಯೇ ಉಳಿಯುತ್ತದೆ. ಪರೀಕ್ಷೆ ಸರಿಯಾಗಿದೆಯೆಂದು ತಿಳಿಯಲು ಪಕ್ಕದಲ್ಲಿ ಆರೋಗ್ಯವಂತರೊಬ್ಬರ ಚುಕ್ಕೆ ಬೇಕು. ನಮ್ಮಲ್ಲಿ ಅದು ಯಾವಾಗಲೂ ನನ್ನ ರಕ್ತ.

ಹಿರಿಯ ಟೆಕ್ನಿಷಿಯನ್ ಗೀತಕ್ಕ ಹೆಸರು ಕೂಗುವರು, ನಾನು ಹನಿ ಬಿಡುವೆ. ಅದಲುಬದಲಾಗಬಾರದೆಂದು ಅವರೇ ಮಾಡಿದ ಪದ್ಧತಿ.

ಅಂದು ಮಧ್ಯಾಹ್ನ ದೀಪ ಹಚ್ಚಿದಾಗ ದಾವಲನ ಚುಕ್ಕೆ ಹೊಳೆಯಿತು. ನನ್ನದು ಹೊಳೆಯಲಿಲ್ಲ.

"ಏನ್ರಿ ಆಚಾರ್ರ, ನಿಮ್ಮ ರಕ್ತ ಇವತ್ತ ರಜಾ ಹಾಕೈತೇನು?" ಎಂದು ನಕ್ಕ ಗೀತಕ್ಕ, ಕಂಡದ್ದನ್ನು ಹಾಗೆಯೇ ರಿಜಿಸ್ಟರಿನಲ್ಲಿ ಬರೆದರು.

ಹೊರಗೆ ಬೆಂಚಿನ ಮೇಲೆ ದಾವಲ್ ಚಾದರ ಹೊದ್ದು ಕುಳಿತಿದ್ದ. ಅವನ ಅಕ್ಕ ಹಸೀನಾ ಕೌಂಟರಿಗೆ ಬಂದಳು. "ಸರ, ಗುಳಿಗಿ ಇವತ್ತ ಚಾಲೂ ಮಾಡಬೇಕಂತ ಡಾಕ್ಟರ್ ಹೇಳ್ಯಾರ. ಬಸ್ ಹೋಗತೈತ್ರಿ, ಲಗೂ ಕೊಡ್ರಿ."

ಅವನದಂತೂ ಹೊಳೆದಿದೆಯಲ್ಲ ಎಂದುಕೊಂಡು ರಿಪೋರ್ಟ್ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿಯನ್ನೂ ಹಾಕಿದೆ. ಅವಳು ಕಾಗದದ ತುದಿ ಹಿಡಿದಳು. ನನಗೆ ಬಿಡಲಾಗಲಿಲ್ಲ. ನನ್ನ ಚುಕ್ಕೆ ಹೊಳೆಯದಿದ್ದರೆ ಜೊತೆಗಿನ ಯಾವ ಫಲಿತಾಂಶವೂ ಹೊರಗೆ ಹೋಗಬಾರದೆಂಬುದು ನಿಯಮ. ಅವಳು ಎಳೆದ ರಭಸಕ್ಕೆ ಮೂಲೆ ಹರಿಯಿತು.

"ಇನ್ನೊಮ್ಮೆ ರಕ್ತ ತಗೀಬೇಕ್ರಿ" ಎಂದೆ.

"ಅಯ್ಯ, ಅವನ ಮೈಯಾಗ ಇರೋದ ಇಷ್ಟ ರಕ್ತ. ಎಷ್ಟ ಸಲ ಹೀರ್ತೀರ್ರಿ!"

ಎರಡನೆಯ ಸಲ ನನ್ನದು ಹೊಳೆಯಿತು, ದಾವಲನದು ಕಪ್ಪಾಗಿತ್ತು. ಮೂರನೆಯ ಸಲವೂ ಅಷ್ಟೇ. ಹುಬ್ಬಳ್ಳಿಯ ದೊಡ್ಡ ಲ್ಯಾಬಿಗೆ ಕಳಿಸಿದ ಮಾದರಿಯೂ ಕಿಣ್ವ ಕಡಿಮೆಯೆಂದೇ ಹೇಳಿತು. ಡಾಕ್ಟರು ಆ ಮಾತ್ರೆ ಕೊಡಲಿಲ್ಲ.

ಎಲ್ಲಿ ತಪ್ಪಿದೆವೆಂದು ನೋಡಲು, ಪರೀಕ್ಷೆ ಮಾಡಿದ ದಿನವೇ ಸಂಜೆ, ಮೊದಲ ಸಲದ ಚುಕ್ಕೆಗಳಿದ್ದ ಕಾಗದವನ್ನು ಮತ್ತೆ ದೀಪದ ಕೆಳಗಿಟ್ಟಿದ್ದೆ. ನನ್ನ ಚುಕ್ಕೆ ಹೊಳೆಯುತ್ತಿತ್ತು. ದಾವಲನದು ಕಪ್ಪಗಿತ್ತು. ಗೀತಕ್ಕ ಈ ಸಲ ನಗಲಿಲ್ಲ.

ಇಬ್ಬರ ಕಣ್ಣೂ ಒಮ್ಮೆಲೇ ತಪ್ಪಿತೆ? ಕಾಗದವನ್ನು ತಿರುಗಿಸಿ ಹಿಡಿದು ಓದಿದೆವೆ? ಹೆಸರುಗಳು ಚುಕ್ಕೆಗಳ ಕೆಳಗೇ ಇದ್ದವು. ದ್ರಾವಣ, ದೀಪ, ಕಾಗದ ಎಲ್ಲವನ್ನೂ ಬದಲಿಸಿ ಪರೀಕ್ಷಿಸಿದೆ. ನನ್ನ ರಕ್ತ ಆಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ. ನನ್ನನ್ನು ಕಾಡುವುದು ಒಂದೇ ಮಾತು: ಅಂದು ಅವನದರ ಜೊತೆ ನನ್ನದೂ ಹೊಳೆದಿದ್ದರೆ ನಾನು ಆ ರಿಪೋರ್ಟನ್ನು ಹಸೀನಾಳ ಕೈಗೆ ಬಿಟ್ಟುಬಿಡುತ್ತಿದ್ದೆ.

ಕಾರಣ ಇಂದಿಗೂ ಗೊತ್ತಿಲ್ಲ. ಮೂಲೆ ಹರಿದ ಆ ರಿಪೋರ್ಟ್ ನನ್ನ ಡ್ರಾಯರಿನಲ್ಲಿದೆ. ದಾವಲನ ಹೆಸರು, ಕಿಣ್ವ ಸರಿಯಾಗಿದೆ ಎಂಬ ಸಾಲು, ಕೆಳಗೆ ನನ್ನ ಸಹಿ.