ಡ್ರಿಲ್ ಮೇಷ್ಟ್ರು ಕುದಿಸಿದ ಬಾರ್ಲಿ

ಕಳೆದ ಸೋಮವಾರ, ಬೆಳಗ್ಗೆ ಆರೂವರೆ. ಸ್ಥಳ: ಹಾರನಹಳ್ಳಿ, ನಮ್ಮ ಮನೆಯ ಹಿಂದಿನ ಕೋಳಿ ಶೆಡ್ಡು. ಹಾಜರಿದ್ದವರು: ನಾನು, ನನ್ನ ಹೆಂಡತಿ ಜಯಮ್ಮ, ಅರಸೀಕೆರೆಯ ಬೇಕರಿ ರಂಗಣ್ಣ ಮತ್ತು ಅರವತ್ತು ಕೋಳಿಗಳು. ತಲೆ ತಗ್ಗಿಸಿದ್ದವರು ಕೋಳಿಗಳು ಮತ್ತು ನಾನು. ಕೋಳಿಗಳಿಗೆ ಕಾಳು ಹೆಕ್ಕುವ ನೆವವಾದರೂ ಇತ್ತು.

ರಂಗಣ್ಣ ಟ್ರೇಯಿಂದ ಒಂದನ್ನು ಎತ್ತಿ ಹಿಡಿದ. "ಏನ್ ಮೇಷ್ಟ್ರೇ, ಇದು ಮೊಟ್ಟೆನೋ ಗೊಬ್ಬರದ ಉಂಡೆನೋ? ಹಿಂಗಾದ್ರೆ ಹಳೇಬೀಡಿಂದಾದ್ರೂ ತರಿಸ್ಕತೀನಿ ಕಣ್ರೀ."

ಕೋಳಿಗಳು ಜಯಮ್ಮನವು. ನಾನು ರಿಟೈರಾದ ಡ್ರಿಲ್ ಮೇಷ್ಟ್ರು. ಸುಮ್ಮನೆ ಕೂರಲಾಗದೆ ಉಸ್ತುವಾರಿ ಕೇಳಿದ್ದೆ. "ಒಂದ್ ತಿಂಗ್ಳು ನೋಡಾನ. ಮೊಟ್ಟೆ ಕೆಟ್ರೆ ಆ ಕಡೆ ತಲೆ ಹಾಕಂಗಿಲ್ಲ" ಎಂಬ ಷರತ್ತಿನ ಮೇಲೆ ಸಿಕ್ಕಿತ್ತು. ಮೊದಲ ದಿನವೇ ಶೆಡ್ಡಿನ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದೆ. ಬೆಳಗ್ಗೆ ಆರಕ್ಕೆ ಫೀಡು. ಹತ್ತಕ್ಕೆ ನೀರು. ಸಂಜೆ ಆರಕ್ಕೆ ವಿಸಲ್, ಎಲ್ಲರೂ ಒಳಗೆ. (ಕೋಳಿಗಳಿಗೆ ಓದು ಬರುವುದಿಲ್ಲ ಎಂದು ಜಯಮ್ಮ ನೆನಪಿಸಿದಳು.)

ಅಷ್ಟರಲ್ಲಿ ಮೆಕ್ಕೆಜೋಳಕ್ಕೆ ಅಭಾವ ಬಂತು. ಫೀಡಿನ ಅಂಗಡಿಯವನು ಬಾರ್ಲಿ ಕೊಟ್ಟ, ಜೊತೆಗೆ ಒಂದು ಪುಡಿಯ ಪ್ಯಾಕೆಟ್. ಎನ್‌ಜೈಮ್ ಅಂತೆ. ಬಾರ್ಲಿಯೊಳಗಿನ ಒಂದು ಅಂಟು ಕೋಳಿಯ ಹೊಟ್ಟೆಯಲ್ಲಿ ಲೋಳೆಯಾಗುತ್ತದಂತೆ. ಹಿಕ್ಕೆಯೂ ಅಂಟಂಟಾಗಿ ಮೊಟ್ಟೆಗೆ ಮೆತ್ತಿಕೊಳ್ಳುತ್ತದಂತೆ. ಪುಡಿ ಆ ಅಂಟನ್ನು ಮುರಿಯುತ್ತದೆ. "ಹೆಂಗ್ ಹಾಕ್ಬೇಕು ಅಂತ ಪ್ಯಾಕೆಟ್ ಮೇಲೆ ಬರದೈತೆ ಸಾ" ಎಂದ.

ಯಾರು ಓದುತ್ತಾರೆ? ಮೂವತ್ತು ವರ್ಷ ಸೂಚನೆ ಕೊಟ್ಟವನಿಗೆ ಸೂಚನೆ ಓದುವ ಅಭ್ಯಾಸ ತಪ್ಪಿಹೋಗಿರುತ್ತದೆ. ಜೊತೆಗೆ ನನ್ನದೊಂದು ನಿಯಮವಿದೆ: ಹೊಟ್ಟೆಗೆ ಹೋಗುವುದೆಲ್ಲ ಕುದಿಯಬೇಕು. ದಿನಾ ಬೆಳಗ್ಗೆ ಐದಕ್ಕೆ ಎದ್ದು, ಡಬರಿಗೆ ಬಾರ್ಲಿ ನುಚ್ಚು ಹಾಕಿ, ಪುಡಿ ಸುರಿದು, ಕಾಲು ಗಂಟೆ ಕೊತಕೊತ ಕುದಿಸಿದೆ. ಆರಿಸಿ, ತವಡು ಕಲಸಿ ಬಡಿಸಿದೆ. ಎಂಟು ದಿನ. ಒಂದು ನಿಮಿಷ ಆಚೀಚೆ ಇಲ್ಲ!

ಒಂಬತ್ತನೆಯ ದಿನವೇ ಆ ಸೋಮವಾರ.

"ಪುಡಿ ತಪ್ಪದೆ ಹಾಕಿದ್ದೀನಿ. ಅಂಗಡಿಯವನೇ ಮೋಸ ಮಾಡಿದ್ದಾನೆ" ಎಂದೆ.

"ಹೆಂಗ್ ಹಾಕಿದ್ರಿ?" ಎಂದಳು ಜಯಮ್ಮ. ಹೆಮ್ಮೆಯಿಂದಲೇ ವಿವರಿಸಿದೆ. ಅವಳು ಶೆಡ್ಡಿನ ಪಕ್ಕದ ಒಲೆಯ ಮೇಲಿನ ಡಬರಿ ನೋಡಿದಳು. ನನ್ನನ್ನು ನೋಡಿದಳು. "ಏನ್ರೀ, ಕುದಿಯೋ ಹಾಲಿಗೆ ಯಾರಾದ್ರೂ ಹೆಪ್ಪು ಹಾಕ್ತಾರಾ?"

ರಂಗಣ್ಣ ಪ್ಯಾಕೆಟ್ ತಿರುಗಿಸಿ ಗಟ್ಟಿಯಾಗಿ ಓದಿದ. "ಒಣ ಆಹಾರಕ್ಕೆ ಬೆರೆಸಿ. ಬಿಸಿ ಮಾಡಬಾರದು." (ಇವನು ಏಳನೇ ಕ್ಲಾಸಿನಲ್ಲಿ ನನ್ನ ಶಿಷ್ಯ. ಆಗ ಇಷ್ಟು ಸ್ಪಷ್ಟವಾಗಿ ಓದುತ್ತಿರಲಿಲ್ಲ.) "ಮೇಷ್ಟ್ರೇ, ಮೊದ್ಲು ಪೂರ್ತಿ ಕೇಳುಸ್ಕಳ್ರೋ, ಆಮೇಲೆ ಓಡ್ರೋ ಅಂತ ಬೆತ್ತ ತಗೀತಿದ್ದೋರು ನೀವೇ ಅಲ್ವಾ?"

"ಒಂದ್ ವಾರ ತಡ್ಕೋ ರಂಗಣ್ಣ. ಇನ್ಮೇಲೆ ನಾನೇ ಕಲಸ್ತೀನಿ" ಎಂದಳು ಜಯಮ್ಮ.

"ನೀವ್ ಕಲಸಂಗಿದ್ರೆ ಬತ್ತೀನಿ ಬಿಡಕ್ಕ."

ನನ್ನ ಉಸ್ತುವಾರಿ ಮುಗಿದದ್ದು ಹೀಗೆ. ಟೈಮ್‌ಟೇಬಲ್ ಕಿತ್ತೆ. ಒದ್ದೆಯಾಗಿದ್ದ ಭತ್ತದ ಹೊಟ್ಟು ಬಾಚಿ ಹೊಸದು ಹರಡಿದೆ. ರಂಗಣ್ಣ ಬಿಟ್ಟುಹೋದ ಮೊಟ್ಟೆಗಳನ್ನು ಒಂದೊಂದಾಗಿ ಒರೆಸಿದೆ. ಕೊನೆಯದನ್ನು ಒರೆಸಿ ಟ್ರೇಯಲ್ಲಿಟ್ಟಾಗ ಸಂಜೆ ಆರು. ವಿಸಲ್ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಅರವತ್ತು ಕೋಳಿಗಳೂ ಹೊತ್ತಿಗೆ ಸರಿಯಾಗಿ, ತಮ್ಮ ಪಾಡಿಗೆ ತಾವು ಒಳಗೆ ಹೋದವು.

ಹಾಗಾದರೆ ಇಷ್ಟು ದಿನ ನಾನು ಊದಿದ್ದು ಯಾರಿಗಾಗಿ?