ಒಂದು ಕದದ ಹಬ್ಬ

ಸತ್ತವರು ವರ್ಷಕ್ಕೊಮ್ಮೆ ಊಟಕ್ಕೆ ಬರುತ್ತಾರೆ ಎನ್ನುವುದರಲ್ಲಿ ನನಗೆ ಯಾವತ್ತೂ ಅನುಮಾನವಿಲ್ಲ. ಉಂಡ ಮೇಲೆ ಎದ್ದು ಹೋಗುತ್ತಾರೋ ಇಲ್ಲವೋ, ನನ್ನ ಚಿಂತೆಯೆಲ್ಲ ಅದರದೇ. ನಮ್ಮ ಅತ್ತೆಯವರನ್ನು ಕಂಡಿದ್ದರೆ ನಿಮಗೂ ಇದು ಅರ್ಥವಾಗುತ್ತಿತ್ತು.

ಅತ್ತೆಯವರದು ಸಿರುಗುಪ್ಪ, ಭತ್ತ ಬೆಳೆಯುವ ಊರೆಂಬ ಜಂಬ. ನನ್ನದು ಕುರುಗೋಡು. “ಕಲ್ಲಿನ ಊರಾಗ ಹುಟ್ಟಿದಾಕಿ, ಈಕಿ ಹೋಳಿಗಿನೂ ಕಲ್ಲ” ಎನ್ನುತ್ತ, ಮೂವತ್ತು ವರ್ಷ ನಾನು ಬಡಿಸಿದ್ದನ್ನು ಮೂಸಿ ನೋಡಿ ತಟ್ಟೆ ಆಚೆ ಸರಿಸಿದರು. ಹಸಿದುಕೊಂಡೇನೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಉಂಡು ಬರುತ್ತಿದ್ದರು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅವರು ತೀರಿಕೊಂಡರು. ದೀಪಾವಳಿ ಅಮಾವಾಸ್ಯೆಗೆ ಅವರ ಹೆಸರಿನಲ್ಲಿ ಮೊದಲ ಎಡೆ. ನಮ್ಮ ಮನೆಯಲ್ಲಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುವ ಪದ್ಧತಿ. ಹಿರಿಯರು ನಾಚಿಕೊಳ್ಳದೆ ಉಣ್ಣಲಿ ಎಂದು. ನಮ್ಮ ಅತ್ತೆಗೆ ನಾಚಿಕೆ ಎಲ್ಲಿತ್ತೋ, ಪದ್ಧತಿ ಪದ್ಧತಿಯೇ.

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಗ ನೋರಾ ಎಂಬ ಐರ್ಲೆಂಡಿನ ಟೀಚರು ಬಾಡಿಗೆಗಿದ್ದಳು. ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೋಗಿ ತಾನೇ ಅವರಿಂದ ಕನ್ನಡ ಕಲಿತಿದ್ದಳು. ಅಮಾವಾಸ್ಯೆಯ ದಿನ ಅಡುಗೆಮನೆಗೆ ಬಂದು ನಿಂತಳು.

“ಅಮ್ಮಾ, ಇವತ್ತ ಅಕ್ಟೋಬರ್ ಮೂವತ್ತೊಂದು, ನಮ್ಮೂರಾಗ ಸೌವಿನ್ ಹಬ್ಬ. ಸುಗ್ಗಿ ಮುಗೀತು, ಚಳಿ ಬಂತು. ಸತ್ತೋರು ಮನಿಗಿ ಬರ್ತಾರ. ಬಾಗಲಾ ತೆಗದಿಡಬೇಕು.”

“ತೆಗದು? ನಮ್ಮತ್ತಿ ಬರೂ ದಿನ? ತಲಿ ಕೆಟ್ಟೈತೇನ ನಿನಗ?”

ಅವಳ ಹಬ್ಬದ ವಿವರ ಕೇಳಿದೆ. ಒಲೆಯ ಪಕ್ಕ ಸತ್ತವರಿಗೊಂದು ಕುರ್ಚಿ, ತಟ್ಟೆ. ಹೊರಗೆ ಗಡ್ಡೆಯಲ್ಲಿ ಕಣ್ಣು, ಹಲ್ಲು ಕೆತ್ತಿ ಒಳಗೆ ದೀಪ. ದೆವ್ವ ಹೆದರಲಿ ಎಂದು. ಬೂದುಗುಂಬಳಕ್ಕೆ ಮೀಸೆ ಬರೆದು ಬಾಗಿಲಿಗೆ ಕಟ್ಟುವ ನನಗೆ ಇದೇನೂ ಹೊಸದಲ್ಲ. ಆದರೂ ಕೇಳಿದೆ, “ಕರಿಯೂದೋ, ಓಡಸೂದೋ?”

“ಎರಡೂ ಅಮ್ಮಾ.”

ಆ ಹಬ್ಬದ ಮೇಲೆ ನನಗೆ ಆಗಲೇ ಗೌರವ ಹುಟ್ಟಿತು. ಬೀಗರು ಇರುವವರ್ಯಾರೋ ಮಾಡಿದ ಹಬ್ಬವದು.

ಬಾಗಿಲಿನ ಮಾತಿಗೆ ಮಾತ್ರ ನಾನು ಒಪ್ಪಲಿಲ್ಲ. ಅವಳೂ ಬಿಡಲಿಲ್ಲ. “ನಮ್ಮವ್ವ ಸತ್ತು ಮೂರು ತಿಂಗಳಾತು. ಕಾಗದ ನನ್ನ ಕೈಗೆ ಬರೂದ್ರಾಗ ಮಣ್ಣು ಮಾಡಿ ಮುಗಿಸಿದ್ರು. ಆಕಿ ಬಳ್ಳಾರಿ ನೋಡಿಲ್ಲ. ಹುಡಕ್ಯಾಡಿ ಬಂದಾಗ ಬಾಗಲಾ ಮುಚ್ಚಿದ್ರ, ಮನಿ ಇದಲ್ಲ ಅಂತ ಹೊಳ್ಳಿ ಹೋಗ್ತಾಳ.”

ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣಲ್ಲಿ ನೀರು ಬಂದದ್ದು ಅದಕ್ಕೆ.

ಪಡಸಾಲೆಯಿಂದ ನಮ್ಮ ಯಜಮಾನರು ಕೂಗಿದರು: “ಕದ ಎರಡು ಅದಾವಲ್ಲಲೇ. ಒಂದು ಮುಚ್ಚು, ಒಂದು ತಗಿ.” ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಬಂದ ಮೊದಲ ಬುದ್ಧಿಯ ಮಾತು.

ಸಂಜೆ ಬಾಳೆಲೆಯಲ್ಲಿ ನನ್ನ ಹೋಳಿಗೆ, ಪಕ್ಕದ ಕುರ್ಚಿಯ ಮೇಲೆ ತಟ್ಟೆಯಲ್ಲಿ ಅವಳ ರೊಟ್ಟಿ. ಸೋಡಾ, ಒಣದ್ರಾಕ್ಷಿ ಹಾಕಿ ಹೆಂಚಿನ ಮೇಲೆ ಬೇಯಿಸಿದ್ದು. ಎಸೆದರೆ ನಾಯಿ ಕುಂಟುತ್ತಿತ್ತು. ಬಲಗಡೆಯ ಕದ ಮುಚ್ಚಿ, ಎಡಗಡೆಯದು ತೆರೆದು ಮೂವರೂ ಅಂಗಳದಲ್ಲಿ ನಿಂತೆವು. ನಮ್ಮ ಅತ್ತೆ ಒಂದು ಕದದ ಸಂದಿಯಲ್ಲಿ ಹಿಡಿಯುವ ಮೈಯವರಲ್ಲ. ಅದೂ ಒಳ್ಳೆಯದೇ ಎಂದುಕೊಂಡೆ.

ಅಷ್ಟರಲ್ಲಿ ಪಕ್ಕದ ಮನೆಯ ಆಡು ನಮ್ಮ ನಡುವೆಯೇ ನುಗ್ಗಿ ಒಳಗೆ ಹೋಯಿತು. ಓಡಿಸಲು ನಾನು ಕಾಲೆತ್ತಿದೆ. ಯಜಮಾನರು ಸೆರಗು ಹಿಡಿದರು: “ಸುಮ್ನಿರು. ಯಾರು ಯಾವ ರೂಪದಾಗ ಬಂದಾರೋ.”

ಆಡು ನನ್ನ ಎಲೆಯ ಮುಂದೆ ನಿಂತಿತು. ಹೋಳಿಗೆಯನ್ನು ಮೂಸಿತು. ಮೂತಿಯಿಂದ ಎಲೆಯನ್ನು ಆಚೆ ಸರಿಸಿತು. ತಿರುಗಿ, ಕುರ್ಚಿಯ ಮೇಲಿನ ರೊಟ್ಟಿಯನ್ನು ಪೂರ್ತಿ ತಿಂದು, ಒಂದು ಕದದಿಂದಲೇ ಹೊರಬಿದ್ದು ಪಕ್ಕದ ಮನೆಗೆ ಹೋಯಿತು.

ನಾನು ಅಡ್ಡಬಿದ್ದು ಕೈಮುಗಿದೆ. ಇನ್ನು ಸಾಕ್ಷಿ ಬೇಕೆ?

ನೋರಾ ಖಾಲಿ ತಟ್ಟೆ ಎದೆಗವಚಿಕೊಂಡು ಅತ್ತಳು. “ಬಂದಿದ್ಲು ಅಮ್ಮಾ, ಉಂಡು ಹೋದ್ಲು.” ಆಡಿನೊಳಗೆ ಬಂದದ್ದು ನಮ್ಮತ್ತೆ ಎಂದು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಬಾಯಿ ಬಿಗಿಹಿಡಿದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಎರಡು ವರ್ಷದ ಮೇಲೆ ನೋರಾ ತನ್ನ ದೇಶಕ್ಕೆ ಹೊರಟುಹೋದಳು. ಅಕ್ಟೋಬರಿನ ಕೊನೆಯ ಸಂಜೆ ನಾನು ಈಗಲೂ ಎಡಗಡೆಯ ಕದ ತೆರೆದಿಡುತ್ತೇನೆ. “ಸೊಳ್ಳಿ ಬರ್ತಾವ, ಮುಚ್ಚು. ನೋರಾ ಇಲ್ಲಿಲ್ಲ” ಎಂದು ಯಜಮಾನರು ಗೊಣಗುತ್ತಾರೆ.

ಮಗಳು ಈ ಮನೆ ಬಿಟ್ಟದ್ದನ್ನು ಆ ಐರ್ಲೆಂಡಿನ ಮುದುಕಿಗೆ ಯಾರು ಹೇಳಿದ್ದಾರೆ? ಆಕೆ ಕಷ್ಟಪಟ್ಟು ಕಲಿತ ವಿಳಾಸ ಇದೊಂದೇ.